ಗೋಡೆಯ ಎಡ ಮಂಡಿ

ಜನವರಿ 6, ಬೆಳಿಗ್ಗೆ 9

ಕೋನ್‌ಗಳನ್ನು ನಾನೇ ಜೋಡಿಸಿದೆ. ಫುಟ್‌ಬಾಲ್ ಕೋಚ್ ಆಗಿ ಹನ್ನೊಂದನೇ ದಿನ. ಕೊರಳಿನ ಸೀಟಿ ಇನ್ನೂ ಬೇರೆ ಯಾರದ್ದೋ ಅನ್ನಿಸುತ್ತದೆ. ಹೋದ ತಿಂಗಳವರೆಗೂ ಇದೇ ಹುಲ್ಲಿನ ಮೇಲೆ ಇವರ ಜೊತೆ ಓಡುತ್ತಿದ್ದೆ, ಹಳೆಯ ಕೋಚನ್ನು ಬೈಯುತ್ತ. ಈಗ ಬೈಸಿಕೊಳ್ಳುವ ಸರದಿ ನನ್ನದು.

ಓಟದ ಸಮಯ ಬರೆದುಕೊಂಡೆ. ಕೊನೆಯ ಐವರೂ ನನ್ನ ಓರಗೆಯವರೇ. ಗೋಲ್‌ಕೀಪರ್ ಅಜ್ಜ — ವಯಸ್ಸು ಮೂವತ್ತೆಂಟು, ಅಡ್ಡಹೆಸರು ಇಪ್ಪತ್ತರಲ್ಲೇ ಬಿದ್ದದ್ದು — ಏದುಸಿರು ಬಿಡುತ್ತ ಬಂದ. ನಾನು ಇವರಿಗೆಲ್ಲ ಕಡ್ಡಿ. “ಕಡ್ಡಿ, ಆ ಗಡಿಯಾರ ಎಸಿ. ನಮ್ಮನ್ನ ಅಳೆಯೋಕೆ ಕ್ಯಾಲೆಂಡರ್ ತಗೊಂಡು ಬಾ.” ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಬಾರದಿತ್ತೇನೋ.

ಎಲ್ಲರಿಗಿಂತ ಹಿಂದೆ ಗೋಡೆ. ನಮ್ಮ ಕ್ಯಾಪ್ಟನ್, ಡಿಫೆನ್ಸಿನ ನಡುಗಂಬ, ಅದಕ್ಕೇ ಆ ಹೆಸರು. ಮೊದಲು ಗೆಳೆಯ, ಆಮೇಲೆ ಅಕ್ಕನನ್ನು ಮದುವೆಯಾಗಿ ಭಾವ. ನನ್ನನ್ನೇ ಕೋಚ್ ಮಾಡಿ ಎಂದು ಕ್ಲಬ್ಬಿನ ಅಧ್ಯಕ್ಷರಿಗೆ ಹೋಗಿ ಹೇಳಿದವನೂ ಇವನೇ.

ಜನವರಿ 9

ಗೋಡೆ ಎಡಗಾಲು ಎಳೆಯುತ್ತಿದ್ದ. ಪ್ರಾಕ್ಟೀಸ್ ಮುಗಿದ ಮೇಲೆ ಟವೆಲ್ ಇಡುವ ಕೋಣೆಗೆ ಕರೆದು ಬಾಗಿಲು ಹಾಕಿದೆ. ಪ್ಯಾಂಟು ಮೇಲೆತ್ತು ಎಂದೆ. ಊತದಲ್ಲಿ ಮಂಡಿಚಿಪ್ಪೇ ಕಾಣುತ್ತಿರಲಿಲ್ಲ.

ಕ್ಲಬ್ಬಿಗೆ ಗೊತ್ತಾಗದ ಹಾಗೆ ಹೊರಗಿನ ಡಾಕ್ಟರಿಗೆ ತೋರಿಸಿದ್ದಾನೆ. ಮಂಡಿಯ ಲಿಗಮೆಂಟ್ ಇನ್ನೊಂದು ಸಲ ಹರಿದರೆ ಜೀವನಪೂರ್ತಿ ಊರುಗೋಲು ಎಂದಿದ್ದಾರಂತೆ.

“ಅಕ್ಕನಿಗೆ ಗೊತ್ತಾ?”

“ಗೊತ್ತಾದ್ರೆ ನಾಳೆಯಿಂದಲೇ ಆಟ ಬಂದ್. ಈ ಸೀಸನ್ ಒಂದೇ, ಕಡ್ಡಿ. ಯಾರಿಗೂ ಹೇಳಲ್ಲ ಅಂತ ಕೈಮೇಲೆ ಕೈಯಿಡು.”

ಇಟ್ಟೆ. ಅಲ್ಲೇ ತಪ್ಪಿದ್ದು.

ಜನವರಿ 18

ಗೋಡೆಯನ್ನು ಆಡಿಸಿದೆ. 0–3. ಎರಡು ಗೋಲು ಅವನ ಎಡಗಡೆಯಿಂದಲೇ. ಎದುರು ತಂಡಕ್ಕೆ ಮೊದಲ ಹತ್ತು ನಿಮಿಷದಲ್ಲೇ ವಾಸನೆ ಹತ್ತಿತ್ತು. ಬಿದ್ದು ಏಳುವಾಗ ಅವನ ಮುಖ ನೋಡಿದೆ. ಸ್ಟ್ಯಾಂಡಿನಲ್ಲಿ ಅಕ್ಕ ಚಪ್ಪಾಳೆ ತಟ್ಟುತ್ತಿದ್ದಳು.

ಅಧ್ಯಕ್ಷರು ಕರೆಸಿದರು. ಕೂತ್ಕೊಳ್ಳಿ ಎನ್ನಲಿಲ್ಲ. “ಹಳಬರ ಮೇಲಿನ ಮಮಕಾರ ಮನೇಲಿ ಇಟ್ಕೊಳ್ಳಿ. ತಂಡ ಕೆಳಗಿನ ಡಿವಿಷನ್‌ಗೆ ಇಳಿದ್ರೆ ನಿಮ್ಮ ಜೊತೆ ನಾನೂ ಮುಳುಗ್ತೀನಿ.”

ಜನವರಿ 24

ಪಟ್ಟಿ ಅಂಟಿಸಿದೆ. ಹನ್ನೊಂದರಲ್ಲಿ ಗೋಡೆಯ ಹೆಸರಿಲ್ಲ. ನನ್ನ ಕೋಣೆಗೂ ಡ್ರೆಸ್ಸಿಂಗ್ ರೂಮಿಗೂ ನಡುವೆ ಬರೀ ಪ್ಲೈವುಡ್. ಆ ಕಡೆ ಯಾರೋ ಹನ್ನೊಂದು ಹೆಸರನ್ನೂ ಎರಡೆರಡು ಸಲ ಓದಿದ್ದು ಕೇಳಿಸಿತು.

ಅಜ್ಜ ಬಂದ. “ಹತ್ತಿದ ಏಣೀನೇ ಒದ್ದೆಯಲ್ಲೋ.” ಅಷ್ಟೇ ಹೇಳಿ ಹೋದ.

ಕಾರಣ ನಾಲಿಗೆ ತುದಿಯಲ್ಲಿತ್ತು. ಆದರೆ ಮಾತು ಕೊಟ್ಟಿದ್ದೇನೆ. ಬಾಯಲ್ಲಿ ಬಿಸಿ ತುಪ್ಪ — ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಸಂಜೆ ಗೋಡೆ ಬಂದ. ಬಾಗಿಲು ತಟ್ಟಿ! ಹನ್ನೆರಡು ವರ್ಷದಲ್ಲಿ ನನ್ನ ಯಾವ ಬಾಗಿಲನ್ನೂ ಅವನು ತಟ್ಟಿದವನಲ್ಲ.

“ಸರ್, ನಾಳೆ ನಾನು ಬಸ್ಸಿಗೆ ಬರಬೇಕಾ, ಬೇಡ್ವಾ? ನೀವು ಹೇಗೆ ಹೇಳಿದ್ರೆ ಹಾಗೆ.”

“ಭಾವ, ಇದೇನು ನೀವು-ಗೀವು ಅಂತ... ಮಂಡಿ ಉಳೀಲಿ ಅಂತ ತಾನೇ—”

“ಬರಬೇಕಾ ಸರ್?”

ಬೆಂಚಿಗೆ ಬಾ ಎಂದೆ. ಆಯ್ತು ಸರ್ ಎಂದ.

ಜನವರಿ 27

ಅಕ್ಕನ ಫೋನ್. “ನಿನ್ನ ಕಾಲು ಮುರಿದಾಗ ಆರು ವಾರ ಹೆಗಲು ಕೊಟ್ಟು ನಡೆಸಿದೋರು ಯಾರು? ಮರೆತುಬಿಟ್ಟೆಯಾ? ಎರಡು ದಿನದಿಂದ ಊಟ ಇಲ್ಲ, ಮಾತಿಲ್ಲ. ಗೋಡೆ ನೋಡ್ಕೊಂಡು ಮಲಗಿದ್ದಾರೆ.”

ಗೋಡೆ ಗೋಡೆ ನೋಡಿಕೊಂಡು ಮಲಗಿದ್ದಾನೆ. ಬೇರೆ ದಿನವಾಗಿದ್ದರೆ ಅವಳೇ ನಗುತ್ತಿದ್ದಳು.

“ಇನ್ನು ನಮ್ಮನೆ ಹೊಸಲು ತುಳೀಬೇಡ.”

ಹೂಂ ಎಂದೆ.

ಫೆಬ್ರವರಿ 20

ಬರೆಯದೆ ಬಹಳ ದಿನವಾಯಿತು. ಎರಡು ಗೆಲುವು, ಎರಡು ಡ್ರಾ. ನನ್ನನ್ನು ಕಡ್ಡಿ ಎನ್ನುವವರು ಯಾರೂ ಇಲ್ಲ. ಬಸ್ಸಿನಲ್ಲಿ ಮುಂದಿನ ಸೀಟು, ಪಕ್ಕದಲ್ಲಿ ಬಾಲ್ ಚೀಲ. ಹಿಂದಿನಿಂದ ನಗು ಕೇಳಿಸುತ್ತದೆ. ತಿರುಗಿದರೆ ಎಲ್ಲರೂ ಕಿಟಕಿ ನೋಡುತ್ತಿರುತ್ತಾರೆ.

ರಾಜೀನಾಮೆ ಬರೆದೆ. ಹರಿದು ಹಾಕಿದೆ. ನಾನು ಹೋದರೆ ಮುಂದೆ ಬರುವ ಕೋಚಿಗೆ ಮಂಡಿಯ ವಿಷಯ ಗೊತ್ತಿರುವುದಿಲ್ಲ. ಗೋಡೆ ಬಾಯಿ ಬಿಡುವುದಿಲ್ಲ, ಆಡಿಬಿಡುತ್ತಾನೆ. ಇರುವುದಕ್ಕೂ ಆಗದು, ಬಿಟ್ಟು ಹೋಗುವುದಕ್ಕೂ ಆಗದು. ತನ್ನ ಮಂಡಿಗೆ ನನ್ನನ್ನು ಕಟ್ಟಿಹಾಕಿದ್ದಾನೆ.

ಮಾರ್ಚ್ 15, ಸಂಜೆ

ಕೊನೆಯ ಪಂದ್ಯ. ಡ್ರಾ ಆಗಿದ್ದರೂ ಈ ಡಿವಿಷನ್‌ನಲ್ಲೇ ಉಳಿಯುತ್ತಿದ್ದೆವು.

ಎಂಬತ್ತನೇ ನಿಮಿಷ, 1–1. ನಮ್ಮ ಡಿಫೆಂಡರ್‌ಗೆ ತಲೆಗೆ ಪೆಟ್ಟು, ಸ್ಟ್ರೆಚರ್ ಬಂತು. ಬೆಂಚಿನಲ್ಲಿದ್ದ ಡಿಫೆಂಡರ್ ಗೋಡೆಯೊಬ್ಬನೇ. ನಾನು ತಿರುಗುವುದರೊಳಗೆ ಟ್ರ್ಯಾಕ್‌ಸೂಟ್ ಕಳಚಿ ಗೆರೆಯ ಬಳಿ ನಿಂತಿದ್ದ. ಇಡೀ ಸ್ಟ್ಯಾಂಡ್ ಅವನ ಹೆಸರು ಕೂಗುತ್ತಿತ್ತು. ಗೋಲಿನಿಂದ ಅಜ್ಜನೂ ಕೈಬೀಸಿ ಕರೆಯುತ್ತಿದ್ದ.

“ಹತ್ತೇ ನಿಮಿಷ ಸರ್.”

“ಆಗಲ್ಲ.”

“ಕಾಲು ನಂದು.”

“ಪಟ್ಟಿ ನಂದು. ಕೂತ್ಕೋ.”

ಬೆಂಚಿನಿಂದ ಒಬ್ಬ ಫಾರ್ವರ್ಡನನ್ನು ಇಳಿಸಿ ಡಿಫೆನ್ಸಿನಲ್ಲಿ ನಿಲ್ಲಿಸಿದೆ. ಎಂಬತ್ತೆಂಟನೇ ನಿಮಿಷ, ಕಾರ್ನರ್. ಗೋಡೆ ಯಾವಾಗಲೂ ನಿಲ್ಲುತ್ತಿದ್ದ ಜಾಗ ಖಾಲಿ. ಬಾಲ್ ಅಲ್ಲೇ ಬಿತ್ತು. ಹೆಡ್ಡರ್. 1–2. ಇಳಿದೆವು.

ಆಟ ಮುಗಿದ ಮೇಲೆ ಗೋಡೆ ಎಲ್ಲರೆದುರು ನನ್ನ ಹತ್ತಿರ ಬಂದ. ಕುಂಟುವುದನ್ನು ಮುಚ್ಚಿಡಲೂ ಇಲ್ಲ. “ನನ್ನ ಕಾಲು ಉಳಿಸಿದ್ರಿ ಸರ್. ಉಳಿಸಿ ಕೊಟ್ರಲ್ಲ, ಇನ್ನು ಇದನ್ನಿಟ್ಕೊಂಡು ಏನ್ಮಾಡ್ಲಿ, ಅದೂ ಹೇಳಿಬಿಡಿ.”

ಮಾರ್ಚ್ 17

ಅಧ್ಯಕ್ಷರು ನನ್ನನ್ನು ತೆಗೆಯಲಿಲ್ಲ. ತೆಗೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಐದು ಲಕೋಟೆ ಮುಂದೆ ಇಟ್ಟರು. ಐವರು ಹಳಬರನ್ನು ಕ್ಲಬ್ಬಿನಿಂದ ಬಿಡುಗಡೆ ಮಾಡುವ ಪತ್ರ. ಸಹಿ ನನ್ನದು; ಕೊಡಬೇಕಾದವನೂ ನಾನೇ, ನಾಳೆ ಸಂಜೆಯೊಳಗೆ.

ನಾಲ್ಕು ಕೊಟ್ಟೆ. ಅಜ್ಜ ಓದಲೇ ಇಲ್ಲ. ಮಡಚಿ ಗ್ಲೌಸಿನೊಳಗೆ ತುರುಕಿಕೊಂಡ. ಐದನೆಯದು, ಗೋಡೆಯದು, ಕೋಟಿನ ಜೇಬಿನಲ್ಲಿದೆ.

ಮಾರ್ಚ್ 18, ಬೆಳಿಗ್ಗೆ 10

ಅಕ್ಕ ಬಂದಿದ್ದಳು. ಗೋಡೆ ನಿನ್ನೆ ಅಡುಗೆಮನೆಯಲ್ಲಿ ಬಿದ್ದನಂತೆ. ಏಳಲಾಗದೆ ನೆಲದ ಮೇಲೆ ಕೂತೇ ಎಲ್ಲ ಹೇಳಿದನಂತೆ.

“ನಿನಗೆ ಯಾವಾಗಿಂದ ಗೊತ್ತಿತ್ತು?”

“ಜನವರಿಯಿಂದ.”

“ಅಷ್ಟೆಲ್ಲ ಬೈದೆನಲ್ಲೋ. ಸುಮ್ನೆ ಬೈಸ್ಕೊಂಡೆಯಲ್ಲೋ!” ಕುರ್ಚಿಯಲ್ಲಿ ಕುಸಿದು ಅತ್ತಳು. ಕಣ್ಣೊರೆಸಿಕೊಂಡು ಬೆನ್ನಿಗೆ ಒಂದೇಟು ಕೊಟ್ಟಳು, ಚಿಕ್ಕಂದಿನ ಹಾಗೆ. “ಆಪರೇಷನ್‌ಗೆ ಹೊರಟಿದ್ದೀವಿ. ಕೆಳಗೆ ಕಾರಲ್ಲಿದ್ದಾರೆ, ಮೆಟ್ಟಿಲು ಹತ್ತೋಕಾಗಲ್ಲ. ನೀನು ಜೊತೆಗಿರಬೇಕಂತೆ. ಅವನಿಲ್ಲದೆ ಒಳಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾರೆ.”

ಐದು ನಿಮಿಷ ಎಂದೆ. ಇಳಿದು ಹೋದಳು.

ಲಕೋಟೆ ಮೇಜಿನ ಮೇಲೆ ಇಟ್ಟೆ. ಮತ್ತೆ ಜೇಬಿಗೆ ಹಾಕಿಕೊಂಡೆ. ನಾನು ಕೊಡದಿದ್ದರೆ ಆಫೀಸಿನವರು ಆಸ್ಪತ್ರೆಗೇ ಕಳಿಸುತ್ತಾರೆ. ಕೊಡುವುದಾದರೆ ಯಾವಾಗ — ಒಳಗೆ ಹೋಗುವ ಮುಂಚೆಯೋ, ಎಚ್ಚರ ಬಂದ ಮೇಲೋ? ಕಾರಿನಲ್ಲಿ ಅಕ್ಕನ ಎದುರಿಗೇ? ಹೇಗೆ ಶುರು ಮಾಡಲಿ... ಭಾವ, ಇದು ನಾನಲ್ಲ ಅಂತಲೇ? ಸಹಿ ನನ್ನದೇ ಇದೆ.

ಹಾರ್ನ್ ಹೊಡೆಯುತ್ತಿದ್ದಾನೆ. ಕೈ ತೆಗೆಯುತ್ತಲೇ ಇಲ್ಲ. ಬಂದೆ ಭಾವ, ಬಂ—