ಸ್ಪೋರನ್‌ನ ಒಳಪದರ

ಎರ್ಲಾಂಗೆನ್, ಅಕ್ಟೋಬರ್ 17, ಶುಕ್ರವಾರ

ವಾರದಿಂದ ತಲೆ ತಿನ್ನುತ್ತಿರುವುದು ಆ ಸ್ಪೋರನ್. ಆಫೀಸಿನ ಸ್ಕಾಟಿಷ್ ಗೆಳೆಯ ಯೂವನ್ ತನ್ನ ಮದುವೆಗೆ ನನಗೂ ಅವರ ಊರಿನ ನೆರಿಗೆಯ ಲಂಗ, ಕಿಲ್ಟ್, ಉಡಿಸುತ್ತಾನಂತೆ. ಅದರ ಮುಂದೆ ಸೊಂಟದಿಂದ ತೂಗುವ ಈ ಚೀಲವೂ ಅವನದೇ ಉಡುಗೊರೆ. ಆಯ್ಕೆ ಮಾತ್ರ ನನ್ನದು. ಸೀಲ್ ಪ್ರಾಣಿಯ ತುಪ್ಪಳ ಬೇಡವೆಂದು ಕಪ್ಪು ಆಡಿನ ಚರ್ಮ ಆರಿಸಿದೆ.

"ನಿಮ್ಮ ಅಜ್ಜ ಲುಂಗಿಯ ಮೇಲೆ ಕಟ್ಟುತ್ತಿದ್ದ ಬೆಲ್ಟಿನ ಹಾಗೇ ಉಂಟಲ್ಲಾ!" ಹೆಂಡತಿ ರಫಿಯಾ ನಕ್ಕಳು. ನನಗೆ ನಗು ಬರಲಿಲ್ಲ. ಒಳಪದರ ಹಂದಿಯ ಚರ್ಮದ್ದೆಂದು ವೆಬ್‌ಸೈಟಿನಲ್ಲಿ ಓದಿದ್ದೆ. ಉಡುಗೊರೆ ಕೊಡುವವನಿಗೆ ಇದನ್ನು ಹೇಗೆ ಹೇಳುವುದು?

ಇವತ್ತು ಅಂಗಡಿಗೇ ಫೋನ್ ಮಾಡಿ ಒಳಪದರದ ವಿಷಯ ಕೇಳಿದೆ. "ಅದನ್ನು ಬಟ್ಟೆಗೆ ಬದಲಿಸಿ ಆಗಿದೆ, ಯೂವನ್ ಮೊದಲ ದಿನವೇ ಹೇಳಿದ್ದರು" ಎಂದಳು ಅಲ್ಲಿನ ಹೆಂಗಸು. ಮೇಲಿನ ಬೆಳ್ಳಿ ಪಟ್ಟಿಯಲ್ಲಿ ಏನು ಕೆತ್ತಬೇಕೆಂದು ಕೇಳಿದಳು. ಏನೂ ಬೇಡ ಎಂದೆ.

ಒಳಪದರ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನ ಕಣ್ಣಿಗೆ ಬಿದ್ದಿತ್ತು.