ಬೇರೆಯವರ ‘ನಾನು’

ಮಾರ್ಚ್ 4, ಮಂಗಳವಾರ

ಬೆಳಗ್ಗೆ ಎರಡು ಇಂಟರ್‌ವ್ಯೂ. ಮೊದಲನೆಯವರು ಅತ್ತರು, ಎರಡನೆಯವರು ಬರಲೇ ಇಲ್ಲ. ಟೀ ಮೆಷಿನ್ ಮತ್ತೆ ಕೆಟ್ಟಿದೆ. ಬಿಸಿನೀರು ಕುಡಿದು ಟೀ ಎಂದುಕೊಂಡೆ.

ಗುರುವಾರಕ್ಕೆ ಹೊಸ ಕೇಸ್. ಹೆಸರು ಇಲ್ಲೂ ಬರೆಯುವುದಿಲ್ಲ, ದುಭಾಷಿ ಕೆಲಸಕ್ಕೆ ಸೇರುವಾಗಲೇ ಬಾಯಿಗೆ ಬೀಗ ಹಾಕಿಸಿಕೊಂಡಿದ್ದೇನೆ. ದರ್ಜಿ ಅಂದರೆ ಸಾಕು. ಹುಟ್ಟಿದ ಧರ್ಮ ಬಿಟ್ಟು ಇನ್ನೊಂದಕ್ಕೆ ಸೇರಿದ. ಒಡಹುಟ್ಟಿದ ಅಣ್ಣನೇ ಕೊಲ್ಲುತ್ತೇನೆಂದು ಜನ ಕಟ್ಟಿಕೊಂಡು ಬಂದ. ತಪ್ಪಿಸಿಕೊಂಡು ಬಂದು ಇಲ್ಲಿ ಆಶ್ರಯ ಕೇಳುತ್ತಿದ್ದಾನೆ. ಅವನ ನಂಬಿಕೆ ನಿಜವೆಂದು ಅಧಿಕಾರಿಗೆ ಅನಿಸಿದರೆ ಉಳಿಯುತ್ತಾನೆ. ಇಲ್ಲದಿದ್ದರೆ ವಾಪಸ್ — ಅಣ್ಣನ ಕೈಗೆ.

ಅವನು ಬಿಟ್ಟದ್ದು ನಮ್ಮ ಧರ್ಮವನ್ನು. ಅಪ್ಪನ ಧರ್ಮವನ್ನು ಅನ್ನುವುದೇ ಸರಿ.

ಈಗಷ್ಟೇ ಅಪ್ಪ ಕೋಣೆಯಿಂದ ಕೂಗಿದರು. “ಪ್ರಾರ್ಥನೆ ಆಯ್ತೇನಮ್ಮಾ?”

“ಆಯ್ತಪ್ಪಾ.”

ಆಗಿಲ್ಲ. ಅಮ್ಮ ಹೋದಾಗಿನಿಂದ ಆಗಿಲ್ಲ. ಹೇಳುವ ಧೈರ್ಯ ನನಗಿಲ್ಲ.

ಮಾರ್ಚ್ 5, ಬುಧವಾರ

ನಾಳೆಗೆ ತಯಾರಿ. ಎರಡೂ ಧರ್ಮದ ಮಾತುಗಳು ಬಾಯಿಗೆ ಸಿಗಬೇಕು, ತಡವರಿಸಿದರೆ ದರ್ಜಿ ತಡವರಿಸಿದ ಹಾಗೆ ಕಾಣುತ್ತದೆ.

ನಮ್ಮಲ್ಲಿ ದೇವರು ಒಬ್ಬ. ರೂಪವಿಲ್ಲ, ಹುಟ್ಟಿಲ್ಲ, ಮಕ್ಕಳಿಲ್ಲ. ಅವನ ಚಿತ್ರ ಬರೆಯುವುದೇ ತಪ್ಪು. ಅವರಲ್ಲೂ ಒಬ್ಬನೇ... ಆದರೆ ಮಗನಾಗಿ ಬಂದ, ಹಸಿದ, ಏಟು ತಿಂದ, ಸತ್ತು ಎದ್ದ. ದೇವರು ಏಟು ತಿನ್ನುವುದೇ? ನಮ್ಮವರಿಗೆ ಕೇಳುವುದಕ್ಕೇ ಆಗುವುದಿಲ್ಲ. ಅವರಿಗೆ ಅದೇ ಅವನ ದೊಡ್ಡತನ.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಟೈಪಿಸ್ಟ್ ಹತ್ತಿರ ಕೇಳಿದೆ. ಅವಳದು ಮೂರನೆಯ ದಾರಿ.

“ನಮ್ಮಲ್ಲಿ ಜಗತ್ತು ಮಾಡಿದೋನು ಅಂತ ಯಾರೂ ಇಲ್ಲಪ್ಪ. ಕ್ಷಮಿಸೋಕೂ ಯಾರೂ ಇಲ್ಲ. ನಮ್ಮ ತಪ್ಪು ನಮ್ಮ ತಲೆ ಮೇಲೆ.”

“ಹಾಗಾದ್ರೆ ಕಷ್ಟ ಬಂದ್ರೆ ಯಾರನ್ನ ಕರೀತೀರಿ?”

“ಗಂಡನ್ನ. ಅವರೂ ಬರಲ್ಲ.”

ನಕ್ಕು ನಕ್ಕು ಅನ್ನ ನೆತ್ತಿಗೇರಿತು.

ಮಾರ್ಚ್ 6, ಗುರುವಾರ, ಸಂಜೆ

ಆದದ್ದನ್ನು ಆದ ಹಾಗೆ ಬರೆಯಬೇಕು.

ನಮ್ಮ ಕೆಲಸದಲ್ಲಿ ‘ಅವನು ಹೀಗನ್ನುತ್ತಾನೆ’ ಎನ್ನುವಂತಿಲ್ಲ. ಅವನು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ಹೀಗೆ ನನ್ನ ಬಾಯಲ್ಲಿ ಎಷ್ಟೋ ಮನೆ ಸುಟ್ಟಿವೆ, ಎಷ್ಟೋ ಮಕ್ಕಳು ಕಳೆದುಹೋಗಿದ್ದಾರೆ. ಮನೆಗೆ ಬಂದು ಮುಖ ತೊಳೆದರೆ ಹೋಗುತ್ತಿತ್ತು. ಇವತ್ತು ‘ನಾನು ಹುಟ್ಟಿದ ಧರ್ಮದ ದೇವರನ್ನು ಬಿಟ್ಟೆ’ ಅನ್ನಬೇಕಾಯಿತು. ನಾಲಿಗೆ ಒಣಗಿತು. ನೀರು ಕೇಳಿದೆ.

ಕಿಟಕಿಯ ಪರದೆ ಅರ್ಧಕ್ಕೆ ಸಿಕ್ಕಿಕೊಂಡ ಪುಟ್ಟ ರೂಮು. ಅಧಿಕಾರಿ, ಟೈಪಿಸ್ಟ್, ದರ್ಜಿ, ನಾನು. ಅಧಿಕಾರಿ ಒರಟರಲ್ಲ, ಆದರೆ ಸುಲಭಕ್ಕೆ ಒಪ್ಪುವವರೂ ಅಲ್ಲ.

“ಹಳೆಯ ದೇವರಿಗೂ ಹೊಸ ದೇವರಿಗೂ ಏನು ವ್ಯತ್ಯಾಸ?”

ದರ್ಜಿ ಪರೀಕ್ಷೆಗೆ ಬಂದ ಹುಡುಗನ ಹಾಗೆ ಒಪ್ಪಿಸಿದ. ಅಲ್ಲಿ ಆಜ್ಞೆ, ಇಲ್ಲಿ ಪ್ರೀತಿ. ಅಲ್ಲಿ ಪಾಪಪುಣ್ಯದ ತೂಕ, ಇಲ್ಲಿ ಕ್ಷಮೆ. ನನಗೆ ಸಿಟ್ಟು ಬಂತು. ನಮ್ಮ ಪ್ರಾರ್ಥನೆ ಶುರುವಾಗುವುದೇ ಕರುಣಾಮಯಿ ಎಂಬ ಮಾತಿನಿಂದ, ಮರೆತೆಯಾ ಮಹಾರಾಯ? ಸಿಟ್ಟು ನುಂಗಿ ಹೇಳಿದ್ದನ್ನು ಹಾಗೇ ದಾಟಿಸಿದೆ.

“ಇದು ಯಾರೋ ಹೇಳಿಕೊಟ್ಟಿದ್ದು,” ಅಂದರು ಅಧಿಕಾರಿ. “ಅಣ್ಣನ ಕಡೆಯೋರು ಹುಡುಕ್ತಾ ಬಂದಾಗ ಗೋದಾಮಲ್ಲಿ ಬಟ್ಟೆ ಥಾನುಗಳ ಹಿಂದೆ ಅಡಗಿದ್ರಿ ಅಂದ್ರಲ್ಲ. ಆಗ ಯಾರನ್ನ ಕರೆದ್ರಿ?”

ದಾಟಿಸಿದೆ. ದರ್ಜಿ ತಲೆ ತಗ್ಗಿಸಿದ. ಅಂಗಿಯ ಅಂಚನ್ನು ಮಡಚುತ್ತ ಕೂತ. ಅಧಿಕಾರಿ ಕಾಗದ ನೋಡುತ್ತ ಕಾಯುತ್ತಿದ್ದರು.

ನನಗೆ ಆಸ್ಪತ್ರೆಯ ಕಾರಿಡಾರ್ ಕಣ್ಣಿಗೆ ಬಂತು. ಒಳಗೆ ಅಮ್ಮ. ಹೊರಗೆ ನಾನು, ಒಬ್ಬಳೇ. ಮತ್ತೆ — ನನ್ನದೇ ದನಿ ಕೇಳಿಸಿತು, ಕಚೇರಿಯ ಭಾಷೆಯಲ್ಲಿ:

“ಒಂದು ಹೆಸರೂ ಬಾಯಿಗೆ ಬರಲಿಲ್ಲ. ಮೇಲೆ ಕೂತು ನೋಡೋನು ನನಗೆ ಬೇಕಿರಲಿಲ್ಲ. ಯಾರಾದ್ರೂ ಬಂದು ಪಕ್ಕದಲ್ಲಿ ಕೂತ್ಕೊಳ್ಳಲಿ, ಅಷ್ಟೇ ಕೇಳಿಕೊಂಡೆ.”

ಟೈಪಿಸ್ಟಿನ ಬೆರಳು ಟಕಟಕ ಓಡಿತು. ಅಧಿಕಾರಿ ಪೆನ್ನು ಕೆಳಗಿಟ್ಟರು. “ಇದು ನಂಬೋ ಮಾತು,” ಅಂದರು, ಮೆಲ್ಲಗೆ.

ದರ್ಜಿ ನನ್ನನ್ನೇ ನೋಡುತ್ತಿದ್ದ. ಅವನು ಬಾಯೇ ತೆರೆದಿರಲಿಲ್ಲ.

ಮಾರ್ಚ್ 7

ರಜೆ ಹಾಕಿದೆ. ಜ್ವರ ಅಂದೆ. ಎಷ್ಟು ಸುಳ್ಳು ಹೇಳುತ್ತೇನೆ ಇತ್ತೀಚೆಗೆ.

ಮಾರ್ಚ್ 11, ಮಂಗಳವಾರ

ಮೂರು ದಿನ ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಗುರುವಾರ ಓದಿ ಹೇಳುವ ದಿನ. ಟೈಪಾದದ್ದನ್ನೆಲ್ಲ ನಾನು ನಮ್ಮ ಭಾಷೆಯಲ್ಲಿ ದರ್ಜಿಗೆ ಓದಬೇಕು, ಅವನು ಸರಿ ಅಂದು ಸಹಿ ಹಾಕಬೇಕು. ಇಲ್ಲಿ ರೆಕಾರ್ಡಿಂಗ್ ಇಲ್ಲ. ಟೈಪಾದದ್ದೇ ಸಾಕ್ಷಿ.

ಟೈಪಿಸ್ಟ್ ಕೈತೊಳೆಯುವ ಜಾಗದಲ್ಲಿ ಹಿಡಿದುಕೊಂಡಳು. ನಲ್ಲಿ ಜೋರಾಗಿ ಬಿಟ್ಟು ಹೇಳಿದಳು: “ಅವನು ಬಾಯಿ ಬಿಡಲಿಲ್ಲ. ನಾನು ನೋಡಿದೆ.”

ತೊಳೆದ ಕೈಯನ್ನೇ ಮತ್ತೆ ನಲ್ಲಿಗೆ ಒಡ್ಡಿದೆ.

“ಆ ಒಂದು ಸಾಲು ಹಾರಿಸಿ ಓದಿಬಿಡಿ. ಅವನಿಗೆ ಕಚೇರಿ ಭಾಷೆ ಬರಲ್ಲ. ಸಹಿ ಹಾಕ್ತಾನೆ. ಅವನೂ ಉಳ್ಕೋತಾನೆ, ನೀವೂ ಉಳ್ಕೋತೀರಿ.”

“ನೀವು?”

“ಹೇಳಿದ್ದನ್ನ ಟೈಪ್ ಮಾಡೋದು ನನ್ನ ಕೆಲಸ. ಯಾರು ಹೇಳಿದ್ರು ಅಂತ ನನ್ನ ಯಾರೂ ಕೇಳಿಲ್ಲ.”

ಒಳ್ಳೆಯ ಮನಸ್ಸಿನಿಂದಲೇ ಅಂದಳು. ಅದೇ ಕಷ್ಟ.

ಮಾರ್ಚ್ 12, ಬುಧವಾರ

ಅಪ್ಪನ ಉಗುರು ಕತ್ತರಿಸುತ್ತ ಕೇಳಿದೆ. ಕಥೆ ಕೇಳುವ ಹಾಗೆ, ಎಲ್ಲೋ ಓದಿದೆ ಅಂತ.

“ಅಪ್ಪಾ, ಒಂದು ಸುಳ್ಳಿನಿಂದ ಒಬ್ಬರ ಜೀವ ಉಳಿಯೋದಾದ್ರೆ ದೇವರು ಒಪ್ತಾನಾ?”

“ಒಪ್ತಾನೆ. ಜೀವ ದೊಡ್ಡದು.” ಇನ್ನೊಂದು ಕೈ ಮುಂದೆ ಚಾಚಿದರು. “ಆದ್ರೆ ಯಾರನ್ನ ಉಳಿಸೋಕೆ ಆ ಸುಳ್ಳು? ಅದನ್ನ ಸರಿಯಾಗಿ ನೋಡ್ಕೋಬೇಕು. ಎಷ್ಟೋ ಸಲ ನಮ್ಮನ್ನ ಉಳಿಸ್ಕೊಳ್ಳೋಕೆ ಬೇರೆಯವರ ಹೆಸರು ಹೇಳ್ತೀವಿ.”

ಉಗುರು ಚರ್ಮಕ್ಕೆ ಹತ್ತಿರ ಕತ್ತರಿಸಿಬಿಟ್ಟೆ. ಅಪ್ಪ “ಸ್ಸ್” ಅಂದರು, ಬೈಯಲಿಲ್ಲ.

ನಿಜ. ದರ್ಜಿಯ ಪ್ರಾಣದ ಚಿಂತೆ ಅಂದುಕೊಂಡಿದ್ದೆ. ಕೆಲಸ ಹೋಗುತ್ತದೆಂಬ ಚಿಂತೆಯೂ ಅಷ್ಟೇ ಇದೆ. ಅದಕ್ಕಿಂತ ದೊಡ್ಡದು ಇನ್ನೊಂದು. ಆ ಮಾತು ನನ್ನದೆಂದು ಒಪ್ಪಿದರೆ ನಾನು ಅಪ್ಪನ ದೇವರನ್ನು ಬಿಟ್ಟವಳೆಂದು ಒಪ್ಪಿದ ಹಾಗೆ.

ಮಾರ್ಚ್ 13, ಗುರುವಾರ, ಮಧ್ಯಾಹ್ನ — ಕಚೇರಿಯ ಕಾರಿಡಾರ್

ನನ್ನನ್ನು ಹೊರಗೆ ಕೂರಿಸಿದ್ದಾರೆ. ಪ್ಲಾಸ್ಟಿಕ್ ಕುರ್ಚಿ. ಬರೆಯದೆ ಕೂರಲು ಆಗುತ್ತಿಲ್ಲ.

ಹಾರಿಸಲಿಲ್ಲ. ಆ ಸಾಲು ಬಂತು, ಓದಿದೆ. ದರ್ಜಿ ಹುಬ್ಬು ಗಂಟಿಕ್ಕಿದ.

“ಇದು ನಾನು ಹೇಳಿದ್ದಲ್ಲವಲ್ಲ ಅಕ್ಕ.”

ಆಗ ಧೈರ್ಯ ಕೈಕೊಟ್ಟಿತು. ಮುಖ ಅಲುಗಿಸದೆ ನಮ್ಮ ಭಾಷೆಯಲ್ಲಿ ಅಂದುಬಿಟ್ಟೆ: “ನಿಮ್ಮ ಕೇಸ್ ನಿಂತಿರೋದೇ ಇದರ ಮೇಲೆ. ಹೂಂ ಅನ್ನಿ.”

ಅವನು ನಕ್ಕ. ಮರುಕದ ನಗು. “ನಿಮ್ಮ ಮಾತು ಚೆನ್ನಾಗಿದೆ ಅಕ್ಕ. ಆದ್ರೆ ನಾನು ಆವತ್ತು ಕರೆದದ್ದು ಹಳೇ ಹೆಸರನ್ನೇ. ಹೊಸ ದೇವರನ್ನ ಒಪ್ಪಿ ಆಗಿತ್ತು, ಆದ್ರೂ ಚಿಕ್ಕಂದಿನಿಂದ ಬಾಯಿಗೆ ಕೂತಿದ್ದು ಅದು. ಹೇಳಿದ್ರೆ ಕೆಡುತ್ತೆ ಅಂತ ಸುಮ್ಮನಿದ್ದೆ.”

“ಈಗಲೂ ಸುಮ್ಮನಿರಿ.”

“ಆ ದೇವರಿಗೂ ಈ ದೇವರಿಗೂ ನೂರು ಭೇದ ಇರ್ಲಿ. ಸುಳ್ಳು ಸಾಕ್ಷಿಗೆ ಇಬ್ಬರೂ ಒಪ್ಪಲ್ಲ. ಹೇಳಿಬಿಡಿ ಅಕ್ಕ.”

“ಏನಂತಾರೆ?” ಅಂದರು ಅಧಿಕಾರಿ.

ಹೇಳಿದೆ. ನಾನು ಬಾಯಿ ಮುಚ್ಚಿಸಲು ನೋಡಿದ್ದನ್ನೂ ಸೇರಿಸಿ, ಒಂದು ಮಾತೂ ಬಿಡದೆ, ಅವನ ‘ನಾನು’ ಆಗಿಯೇ. “ಆ ಉತ್ತರ ನನ್ನದಲ್ಲ. ಈ ಅಕ್ಕನದು. ನಾನು ಕರೆದದ್ದು ಹಳೆಯ ಹೆಸರನ್ನೇ.”

ಟೈಪಿಸ್ಟ್ ಕೈ ನಿಲ್ಲಿಸಿದಳು. ಅಧಿಕಾರಿ ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಕೇಳಿದರು: “ನಿಮ್ಮದಾ?”

“ನನ್ನದು, ಸರ್.”

ಹೊರಗೆ ಕೂರಿ ಅಂದರು.

ಈಗ ಒಳಗೆ ಫೋನಿನಲ್ಲಿ ಇನ್ನೊಬ್ಬ ದುಭಾಷಿ. ಸ್ಪೀಕರ್ ಹಾಕಿದ್ದಾರೆ. ಗೋಡೆ ತೆಳುವು, ಎರಡೂ ಭಾಷೆ ಕೇಳಿಸುತ್ತದೆ. ನನ್ನ ಸಾಲನ್ನು ಹೊಡೆದುಹಾಕಿಸಿದರು.

ಅಧಿಕಾರಿಯ ದನಿ: “ಪ್ರಾಣಭಯದಲ್ಲಿ ಹಳೇ ದೇವರನ್ನೇ ಕರೆದ್ರಿ. ಹಾಗಿದ್ರೆ ಅವನ ಹತ್ತಿರಾನೇ ವಾಪಸ್ ಹೋಗೋಕೆ ಏನು ಅಡ್ಡಿ?”

ಫೋನಿನವನು ದಾಟಿಸಿದ. ನಿರ್ದಾಕ್ಷಿಣ್ಯವಾಗಿ, ಸರಿಯಾಗಿ.

ದರ್ಜಿ ಸುಮ್ಮನಾದ.

ಇನ್ನೂ ಸುಮ್ಮನಿದ್ದಾನೆ. ಉತ್ತರ ನನ್ನ ನಾಲಿಗೆ ತುದಿಗೇ ಬಂದಿದೆ. ಎಡಗೈಯಿಂದ ಬಾಯಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಯಾರನ್ನೋ ಬೇಡಿಕೊಳ್ಳುತ್ತಿದ್ದೇನೆ, ಅಪ್ಪನ ದೇವರನ್ನೋ ಇವನ ದೇವರನ್ನೋ ಗೊತ್ತಿಲ್ಲ. ಮಾತಾಡಲಿ. ಅವನೇ ಮಾತಾಡಲಿ.

ಕುರ್ಚಿ ಸರಿದ ಸದ್ದು. ಕೆಮ್ಮಿದ. ಶುರು ಮಾಡಿದ —

“ಸಾರ್, ನಾನು...”

ಈ ‘ನಾನು’ ಅವನದೇ, ಇಲ್ಲಿಗೆ ಪೆನ್ನು ಇಡುತ್ತೇನೆ.