ಎದೆಯ ಗಂಟು, ಸೋಮವಾರದ ಭಜನೆ

ಶನಿವಾರ ಪೇಟೆ, ಪುಣೆ
೧೪ ಜನವರಿ ೧೯೪೭

ನನ್ನ ಮುದ್ದು ಇಂದೂ,

ಸಂಕ್ರಾಂತಿಯ ಎಳ್ಳುಬೆಲ್ಲದ ಜೊತೆ ಅಪ್ಪನ ಆಶೀರ್ವಾದ. ನಿನ್ನ ಹಲ್ಲುನೋವು ಇಳಿಯಿತೇ? ಧಾರವಾಡದ ಚಳಿಯಲ್ಲಿ ಬೆಳಗ್ಗೆ ತಣ್ಣೀರು ಮುಟ್ಟಬೇಡ. ಟ್ರೇನಿಂಗ್ ಕಾಲೇಜಿನ ಬಾವಿನೀರು ಬರ್ಫಿನಂತಿದೆ ಎಂದು ನೀನೇ ಬರೆದಿದ್ದೆ.

ಇನ್ನು ನನ್ನ ಸುದ್ದಿ. ಶ್ವಾಸಕೋಶದೊಳಗಿನ ಗಂಟು ಕ್ಯಾನ್ಸರಿನದೆಂದು ನಿನಗೆ ಗೊತ್ತೇ ಇದೆ. ದವಾಖಾನೆಯಲ್ಲಿ ಅದು ಕರಗಲೆಂದು ಅದರ ಮೇಲೆ ಎಕ್ಸ್‌-ರೇ ಬಿಡುತ್ತಾರೆ. ಆಗ ಏನೂ ನೋಯುವುದಿಲ್ಲ. ಮನೆಗೆ ಬಂದ ಮೇಲೆ ಗಂಟಲು ಉರಿಯುತ್ತದೆ, ಮೈ ಒದ್ದೆ ಕಂಬಳಿಯಂತೆ ಭಾರವಾಗುತ್ತದೆ. ಮೊದಮೊದಲು ಊಟ ಒಲ್ಲೆನೆಂದು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದೆ. ನಿನ್ನ ಅವ್ವ ಬಿಡಬೇಕಲ್ಲ! ಜೋಳದ ಅಂಬಲಿ ಆರಿಸಿ, ಮಜ್ಜಿಗೆ ಬೆರೆಸಿ, "ಒಂದ್ ಗುಟುಕು ನನ್ನ ಸಲುವಾಗಿ ಕುಡೀರಿ, ಒಂದ್ ಗುಟುಕು ಇಂದೂನ ಸಲುವಾಗಿ" ಎನ್ನುತ್ತಾಳೆ. ಬೀಡಿಯ ಕಟ್ಟನ್ನು ಒಲೆಗೆ ಹಾಕಿಬಿಟ್ಟಳು. ಸಂಜೆ ಇಬ್ಬರೂ ಮುಠಾ ಹೊಳೆಯ ದಂಡೆಗೆ ನಡೆಯುತ್ತೇವೆ. ತೇಕು ಬಂದರೆ ಕಟ್ಟೆಯ ಮೇಲೆ ಕೂತು ಹೋಗಿಬರುವ ಮಂದಿಯನ್ನು ನೋಡುತ್ತೇವೆ. ಖಡಕಿಯ ಕಾರಖಾನೆಯಲ್ಲಿ ಗುಮಾಸ್ತನಾಗಿದ್ದಾಗ ನಮಗಿಷ್ಟು ಬಿಡುವೆಲ್ಲಿತ್ತು?

ನನ್ನನ್ನು ಹಿಂಡಿದ್ದು ಬೇರೆ. ಪಕ್ಕದ ವಾಡೆಯ ಪಂಢರಿನಾಥ, ನಮ್ಮ ಮನೆಯ ಸೋಮವಾರದ ಭಜನೆಯಲ್ಲಿ ನನ್ನ ಹಾಡಿಗೆ ತಬಲಾ ಬಾರಿಸುವವನು, ನನಗೆ ಕ್ಷಯವೆಂದು ಹೆದರಿ ಬರುವುದನ್ನೇ ಬಿಟ್ಟ. ಅವನ ಹಿಂದೆ ಉಳಿದವರೂ ಬಿಟ್ಟರು. ಒಂದು ದಿನ ಅವ್ವ ಅವನ ಬಾಗಿಲಿಗೇ ಹೋಗಿ ತನ್ನ ಅರೆಬರೆ ಮರಾಠಿಯಲ್ಲಿ, "ಹಾ ಕ್ಷಯ ನಾಹೀ, ಭಾವೂ! ಅಂಟೂ ಬ್ಯಾನಿ ಅಲ್ಲಾ! ಅವರಿಗೆ ಮಂದಿ ಬೇಕಾಗ್ಯಾರ, ಮಂದಿ!" ಎಂದಳಂತೆ. ಅವನಿಗೆ ಎಷ್ಟು ತಿಳಿಯಿತೋ! ಆ ಸೋಮವಾರ ತಬಲಾ ಹೊತ್ತು ಬಂದವನು ನನ್ನ ಕೈ ಹಿಡಿದು ಅತ್ತ. ಉಳಿದವರೂ ಮರಳಿದರು. ಅಂದಿನಿಂದ ಅವರು ಹಾಡುತ್ತಾರೆ, ಉಸಿರು ಸಾಲದ ನಾನು ತಾಳ ಹಾಕುತ್ತೇನೆ.

ನಿನ್ನೆ ಮಾತ್ರ ತಡೆಯಲಾಗಲಿಲ್ಲ. ಒಂದು ಸಾಲು ಹಾಡಿದೆ, ಇಂದೂ. ನಡುವೆ ಉಸಿರು ನಿಂತಿತು. ಪಂಢರಿನಾಥ ತಬಲಾದ ಠೇಕಾ ನಿಧಾನ ಮಾಡಿ ನನಗಾಗಿ ಕಾದ. ಸಾಲು ಮುಗಿಸಿದೆ! ಅವ್ವ ಒಳಗೆ ಹೋಗಿ ಸುಮ್ಮನೆ ಪಾತ್ರೆಗಳ ಸದ್ದು ಮಾಡುತ್ತಿದ್ದಳು. ಗಂಟು ಸಣ್ಣದಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಹೋಯಿತು ಎನ್ನಲಿಲ್ಲ. ಸಣ್ಣದಾಗಿದೆ ಎಂದರು, ನನಗೆ ಸದ್ಯಕ್ಕೆ ಅಷ್ಟು ಸಾಕು.

ಅಲ್ಲಿ ನಿನ್ನನ್ನು ನೋಡಿಕೊಳ್ಳುವ ಗೋದಾ ಅತ್ತೆಗೆ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅಪ್ಪ,
ಕಾಂತಪ್ಪ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಪರೀಕ್ಷೆ ಬಿಟ್ಟು ನನ್ನ ಸೇವೆಗೆ ಬರುತ್ತೇನೆಂದು ನೀನು ಹೇಳಿದ್ದನ್ನು ಅತ್ತೆ ಬರೆದಿದ್ದಾಳೆ. ಬರಬೇಡ. ಜಡ್ಡು ಹೆಚ್ಚಾದರೆ ನಿನ್ನಿಂದ ಮುಚ್ಚಿಡುವುದಿಲ್ಲ, ನಾನೇ ಕರೆಯುತ್ತೇನೆ. ಇದು ಅಪ್ಪನ ಮಾತು. ಆಗ ಉಟ್ಟ ಸೀರೆಯಲ್ಲೇ ಓಡಿ ಬಾ. ಈಗ ಓದಿಕೋ, ಹೋಗು.